ಪಂಚಶೀಲಾಳ ಮೂರು ಷರತ್ತು

ಕಮಲಾಪುರದ ಪಂಚಶೀಲಾಗೆ ಮೌಸ್ ಹಿಡಿದು ಒಂದೊಂದನ್ನೇ ಒತ್ತುತ್ತ ಕೂರುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ, ಬಟ್ಟೆ ಅಂಗಡಿಯ ಮೇಲಿನ ಸಣ್ಣ ಆಫೀಸಿನಲ್ಲಿ ಅವಳು ಬೇರೆ ಬೇರೆ ಸಂಸ್ಥೆಗಳ ಕ್ಲೌಡ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ಎಲ್ಲೋ ದೂರದಲ್ಲಿ ಬಾಡಿಗೆಗೆ ಓಡುವ ಆ ತೊಂಬತ್ತು ಕಂಪ್ಯೂಟರ್‌ಗಳಲ್ಲಿ ಬೇಕಾದ್ದನ್ನು ಹುಡುಕಲು ಉಳಿದವರಿಗೆ ಅರ್ಧ ದಿನ ಬೇಕು. ಇವಳು ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಬರೆದು, ಚಹಾ ಆರುವುದರೊಳಗೆ ಮುಗಿಸುತ್ತಿದ್ದಳು. ಜಂಬ ಇತ್ತು. ಕಲಿತದ್ದಕ್ಕೆ ಅಷ್ಟಾದರೂ ಬೇಡವೇ?

ಒಂದು ಬುಧವಾರ ಮಾಲೀಕ ಅಮರನಾಥ, “ಬ್ಯಾಡಾದ ಸರ್ವರ್ ಎಲ್ಲಾ ತೆಗೆದ್ಹಾಕ್ರಿ” ಎಂದರು. ಪಂಚಶೀಲಾ ಒಂದೇ ಸಾಲಿನಲ್ಲಿ ಮೂರು ಷರತ್ತು ಹಾಕಿದಳು: ಸರ್ವರ್ ಓಡದೆ ನಿಂತಿರಬೇಕು, ಪ್ರಯೋಗಕ್ಕೆಂದು ಹಚ್ಚಿದ ‘ಪರೀಕ್ಷೆ’ ಎಂಬ ಚೀಟಿ ಇರಬೇಕು, ವರ್ಷಕ್ಕಿಂತ ಹಳೆಯದಾಗಿರಬೇಕು. ಮೂರಕ್ಕೂ ಹೊಂದುವ ಹನ್ನೊಂದು ಬಂದವು, ಬರೀ ಉದ್ದುದ್ದ ಸಂಖ್ಯೆಗಳು. ಒಂದನ್ನೂ ತೆರೆದು ನೋಡದೆ ಅಳಿಸಿದಳು.

ಗುರುವಾರ ಬೆಳಿಗ್ಗೆ ವ್ಯಾನ್ ಓಡಿಸುವ ಶಬ್ಬೀರ್ ಫೋನ್ ಮಾಡಿದ.

“ಮೇಡಂ, ಇವತ್ತ ಪಟ್ಟಿ ಬಂದಿಲ್ಲರಿ. ಗೊತ್ತಿದ್ದ ಏಳು ಮಂದೀನ ದವಾಖಾನಿಗಿ ಕರ್ಕೊಂಡು ಬಂದೀನಿ. ಹೊಸಬರು ಯಾರರ ಸೇರ್ಯಾರೇನ್ರಿ?”

ಪಂಚಶೀಲಾ ಹಿಂದಿನ ದಿನ ಅಳಿಸಿದ ಹನ್ನೊಂದರ ಪಟ್ಟಿ ತೆಗೆದು ನೋಡಿದಳು: ವ್ಯಾನಿನ ಸರ್ವರ್ ಅದರಲ್ಲಿತ್ತು. ಕಮಲಾಪುರದ ಸುತ್ತಲಿನ ಕಿಡ್ನಿ ರೋಗಿಗಳನ್ನು ಡಯಾಲಿಸಿಸ್‌ಗೆ ಕಲಬುರಗಿಯ ದವಾಖಾನೆಗೆ ಕರೆತರುವ ವ್ಯಾನ್ ಅದು. ಅದರ ಸರ್ವರ್ ಸೋಮವಾರ, ಗುರುವಾರ ನಸುಕಿನಲ್ಲಷ್ಟೇ ಎದ್ದು ಶಬ್ಬೀರನಿಗೆ ಪಟ್ಟಿ ಕಳಿಸಿ ಮತ್ತೆ ನಿಲ್ಲುತ್ತಿತ್ತು. ಎರಡು ವರ್ಷದ ಹಿಂದೆ ಮಾಡಿ ನೋಡೋಣವೆಂದು ಅದನ್ನು ಶುರುಮಾಡಿದವಳೂ, ‘ಪರೀಕ್ಷೆ’ ಚೀಟಿ ಹಚ್ಚಿದವಳೂ ಅವಳೇ. ಕೆಲಸ ಚೆನ್ನಾಗಿ ನಡೆಯಿತು, ಚೀಟಿ ಹಾಗೇ ಉಳಿಯಿತು. ಕಮಾಂಡಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ದವಾಖಾನೆಗೆ ಫೋನ್ ಹಚ್ಚಿದಳು. ಮಂಗಳವಾರ ಒಂದು ಹೆಸರು ಸೇರಿತ್ತು: ಚಂದಮ್ಮ, ವಯಸ್ಸು ಅರವತ್ತೆಂಟು, ಕಮಲಾಪುರ ಬಸ್ ಸ್ಟ್ಯಾಂಡಿನಲ್ಲಿ ಹತ್ತುತ್ತಾರೆ, ಮೊಬೈಲ್ ಇಲ್ಲ. ಸಂಜೆ ಐದಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದೆ, ಅಷ್ಟರೊಳಗೆ ಕರೆತರಬೇಕು ಎಂದರು. ಶಬ್ಬೀರನಿಗೆ ಕಮಲಾಪುರಕ್ಕೆ ವ್ಯಾನ್ ತಿರುಗಿಸಲು ಹೇಳಿ, ಅವನಿಗೂ ಕಾಯದೆ ಸಿಕ್ಕ ಬಸ್ ಹತ್ತಿದಳು. ದಾರಿಯುದ್ದಕ್ಕೂ ಆಕೆ ಮನೆಗೆ ಹೋಗಿರಬಾರದು, ಏನೂ ಆಗಿರಬಾರದು ಎಂದು ಬೇಡಿಕೊಂಡಳು.

ಚಂದಮ್ಮ ಎಲ್ಲಿಗೂ ಹೋಗಿರಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕುಳಿತಿದ್ದಳು. ಮುಖ ಬಾತಿತ್ತು, ಊದಿದ ಕಾಲಿಗೆ ಚಪ್ಪಲಿ ಹಿಡಿಯದೆ ಪಕ್ಕಕ್ಕೆ ಬಿಟ್ಟಿದ್ದಳು. ನಡುನಡುವೆ ಏದುಸಿರು.

“ನೀನೂ ಗಾಡಿಗೇ ಬಂದೀಯೇನ್ ತಂಗಿ? ಕೂಡು, ಬರ್ತದ,” ಎಂದಳು ಜಾಗ ಬಿಡುತ್ತ. “ನಸುಕಿನ್ಯಾಗಿಂದ ಕುಂತೀನಿ. ನನ್ನ ಹೆಸರು ಬರಸೀನಿ, ಬಿಟ್ಟು ಹೋಗಂಗಿಲ್ಲ.”

ಪಂಚಶೀಲಾ ಕುಳಿತಳು.

“ಆ ಹೆಸರು ಅಳಿಸಿದಾಕಿ ನಾನೇ, ಆಯಿ. ನೋಡದೇ ಅಳಿಸಿದೆ. ಗಾಡಿ ಈಗ ಬರಾಕತ್ತದ.”

ಮುದುಕಿ ಕೈಚೀಲದಿಂದ ದವಾಖಾನೆಯ ಚೀಟಿ ತೆಗೆದು ಅವಳ ತೊಡೆಯ ಮೇಲಿಟ್ಟಳು.

“ಹಂಗಾರ ಈ ಸಲ ನನ್ನ ಹೆಸರು ನನ್ನ ಮುಂದ ಬರಿ.”