ಸಾಲು ಮುರಿಯುವುದು ಬೇಡ

ಮುದ್ರಣಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಟೈಪಕ್ಕ. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜು. ಎಂಥ ಕೋಳಿಕಾಲಿನ ಕೈಬರಹವನ್ನೂ ನೀರು ಕುಡಿದಷ್ಟು ಸಲೀಸಾಗಿ ಓದಿ ಟೈಪ್ ಮಾಡುತ್ತಿದ್ದಳು. ಅವಳಿಗೆ ಬಗ್ಗದೇ ಇದ್ದದ್ದು ಕಂಪ್ಯೂಟರಿನಲ್ಲಿ ಟೈಪ್ ಮಾಡುವ ತಂತ್ರಾಂಶ, ಆ ಎಡಿಟರಿನ ಸೆಟ್ಟಿಂಗು ಒಂದೇ.

ಆ ಸಲ ಎರಡು ಪುಸ್ತಕ ಒಟ್ಟಿಗೆ ಬಂದವು. ಒಂದು, ನಿವೃತ್ತ ಬಸ್ ಕಂಡಕ್ಟರರ ಕವನಗಳು. ಬಸ್ಸಿನಷ್ಟೇ ಉದ್ದದ ಸಾಲುಗಳು, ಎಲ್ಲೂ ಮುರಿಯುವಂತಿಲ್ಲ. ಇನ್ನೊಂದು ಹೊಲಿಗೆ ಕಲಿಸುವ ಪುಸ್ತಕ. ಅರವತ್ತು ಅಕ್ಷರಕ್ಕೆ ಸಾಲು ಮುರಿಯಲೇಬೇಕು. ಒಂದಕ್ಕೆ ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಒಂದು ದಿನ ಸೆಟ್ಟಿಂಗ್ ಬದಲಿಸಲು ಮರೆತು ಕವನದ ಫೈಲ್ ತೆರೆದಳು. ನಲವತ್ತು ಪುಟ ಚೂರುಚೂರು! ತಲೆ ಮೇಲೆ ಕೈ ಹೊತ್ತು ಕೂತಳು.

ಭಾನುವಾರ ನಾದಿನಿ ಮನೆಗೆ ಬಂದಳು. ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಟೈಪಕ್ಕ ತನ್ನ ಗೋಳು ಹೇಳಿಕೊಂಡಳು.

“ಅಯ್ಯೋ ಅತ್ತಿಗೆ, ಇಡೀ ಎಡಿಟರಿಗೆ ಯಾಕೆ ಹೇಳೋಕೆ ಹೋಗ್ತೀರಾ? ಯಾವ ಫೈಲಿಗೆ ಏನು ಬೇಕೋ ಅದನ್ನ ಆ ಫೈಲಿನ ಕೊನೇಲೇ ಬರೆದಿಡಿ. ತೆರೆದ ತಕ್ಷಣ ಓದ್ಕೊಂಡು ಹಾಗೇ ನಡ್ಕೊಳ್ಳುತ್ತೆ.”

“ನಿಮ್ಮಣ್ಣಂಗೂ ಹೀಗೆ ಬರೆದಿಟ್ರೆ ನಡ್ಕೊಳ್ತಾರೇನೇ?”

“ಅವನು ಓದಿದ್ರೆ ತಾನೇ!”

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಗಂಡ ಜೋರಾಗಿ ಕೆಮ್ಮಿದ.

“ಒಂದು ಮಾತು,” ಅಂದಳು ನಾದಿನಿ, ಚೀಟಿಯ ಮೇಲೆ ಒಂದು ಗುರುತು ಬರೆದು ತೋರಿಸುತ್ತ. “ಆ ಸಾಲುಗಳ ಮುಂದೆ ಈ ಗುರುತು ಹಾಕೋದು ಮರೀಬೇಡಿ. ಇಲ್ಲಾಂದ್ರೆ ಅವೂ ಅಚ್ಚಾಗ್ತವೆ.”

ಆ ಎಡಿಟರ್ ಅಪ್ಪಣೆಗಳನ್ನು ಕನ್ನಡದಲ್ಲೇ ತೆಗೆದುಕೊಳ್ಳುತ್ತಿತ್ತು. ಸೋಮವಾರ ಟೈಪಕ್ಕ ಹೊಲಿಗೆ ಪುಸ್ತಕದ ಕೊನೆಗೆ ಗುರುತು ಹಾಕಿ ‘ಅಗಲ: ಅರವತ್ತು’ ಎಂದು ಬರೆದಳು. ಕವನದ ಕೊನೆಗೂ ಎರಡು ಸಾಲು ಬರೆದಳು. ಎರಡು ಫೈಲುಗಳನ್ನೂ ಮುಚ್ಚಿ ತೆರೆದಳು. ಎರಡೂ ತಮ್ಮ ತಮ್ಮ ಪಾಡಿಗೆ ನೆಟ್ಟಗೆ ಕೂತಿದ್ದವು! ಖುಷಿಗೆ ಪಕ್ಕದ ಬೈಂಡಿಂಗ್ ಕೋಣೆಯವರನ್ನೆಲ್ಲ ಕರೆದು ತೋರಿಸಿದಳು.

ನಾಲ್ಕು ದಿನಕ್ಕೆ ಕಂಡಕ್ಟರರು ಕರಡು ಪ್ರತಿ ಹಿಡಿದುಕೊಂಡು ಬಂದರು.

“ಈ ಕೊನೇ ಎರಡು ಸಾಲು ನಾನು ಬರೆದಿದ್ದೇನಮ್ಮ?”

ಟೈಪಕ್ಕ ಹಾಳೆ ಇಸಿದುಕೊಂಡು ನೋಡಿದಳು. ಕವನದ ಫೈಲಿಗೆ ಗುರುತು ಹಾಕುವುದನ್ನೇ ಮರೆತಿದ್ದಳು. ಹಾಳೆಯ ತುದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು:

ಸಾಲು ಮುರಿಯುವುದು: ಬೇಡ.
ಅಂಚು: ಇಲ್ಲ.

“ತಪ್ಪಾಯ್ತು ಸಾರ್, ಅದು ಕವಿತೆ ಅಲ್ಲ, ಸೆಟ್ಟಿಂಗು. ಈಗಲೇ ತೆಗೆದುಬಿಡ್ತೀನಿ.”

“ತೆಗೆಯೋದಾ?” ಕಂಡಕ್ಟರರು ಕನ್ನಡಕ ಮೇಲೇರಿಸಿ, ಮುಂದಿನ ಸ್ಟಾಪು ಕೂಗುವ ದನಿಯಲ್ಲಿ ಆ ಸಾಲುಗಳನ್ನು ಓದಿದರು. “ಮೂವತ್ತು ವರ್ಷ ನಿಂತ್ಕೊಂಡೇ ರಸ್ತೆ ನೋಡಿದೀನಿ, ನಂಗಿದು ಹೊಳೀಲೇ ಇಲ್ಲ. ಇರ್ಲಿ ಬಿಡಮ್ಮ.”

“ಓದಿದೋರು ಏನಂತಾರೆ ಸಾರ್?”

“ಅವರಿಗೆ ಯಾರು ಹೇಳ್ತಾರೆ?”

ಟೈಪಕ್ಕನಿಗೆ ನಗು ತಡೆಯಲಾಗಲಿಲ್ಲ. ಆ ಎರಡು ಸಾಲನ್ನು ಕವಿತೆಯಲ್ಲೇ ಉಳಿಸಿ, ಕೆಳಗೆ ಇನ್ನೊಮ್ಮೆ, ಈ ಸಲ ಗುರುತು ಹಾಕಿ, ಎಡಿಟರಿಗೆಂದು ಬೇರೆಯಾಗಿ ಬರೆದಳು.

ಪುಸ್ತಕ ಬಿಡುಗಡೆಯ ದಿನ ಗ್ರಂಥಾಲಯದಲ್ಲಿ ಹೆಚ್ಚು ಚಪ್ಪಾಳೆ ಬಿದ್ದದ್ದು ಆ ಸಾಲುಗಳಿಗೇ. ಹಿಂದಿನ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದ ನಾದಿನಿ ಟೈಪಕ್ಕನ ತೋಳು ಚಿವುಟಿದಳು.

“ಅತ್ತಿಗೆ, ಮುಂದಿನ ಪುಸ್ತಕ ಯಾವಾಗ?”

“ಸುಮ್ನಿರೇ,” ಎಂದು ಟೈಪಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.