ಪ್ರತಿ ತುಂಡಿನ ನಡುಮಧ್ಯೆ

ಹೋದ ತಿಂಗಳು ಒಂದು ಬೆಳಿಗ್ಗೆ ರೆಹಾನಾ ನಗುತ್ತಾ ನನ್ನ ರೂಮಿಗೆ ಬಂದಳು. ನನಗೆ ಭಯವಾಯಿತು.

ನಮ್ಮ ಕಸುಬಿನಲ್ಲಿ ನಗುತ್ತಾ ಬರುವವರು ಕಡಿಮೆ. ಕಂಪ್ಯೂಟರ್ ಸೆಂಟರಿಗೆ ಲೆಕ್ಕ ಪಂಚ್ ಮಾಡಿದ ಕಾರ್ಡಿನ ಕಟ್ಟು ಕೊಡುವುದು, ಮಾರನೇ ದಿನ ಉತ್ತರ ತರುವುದು, ಅದು ತಪ್ಪೆಂದು ಗೊತ್ತಾಗಿ ಮತ್ತೆ ಕಾರ್ಡು ಪಂಚ್ ಮಾಡುವುದು. ಇದಕ್ಕೆ ಸಂಶೋಧನೆ ಅಂತ ಹೆಸರು. ನನಗಂತೂ ಸಾಕುಸಾಕಾಗಿದೆ.

ರೆಹಾನಾ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ. ಆರ್.ಟಿ. ನಗರದಿಂದ ಬಸ್ಸು ಬದಲಿಸಿ ಯಶವಂತಪುರದ ಈ ತುದಿಗೆ ಬರುತ್ತಾಳೆ. ಒಂದು ಕಾಲೇಜಿನಲ್ಲಿ ಅವಳಿಗೆ ಲೆಕ್ಚರರ್ ಕೆಲಸ ಹೆಚ್ಚುಕಡಿಮೆ ಗೊತ್ತಾಗಿತ್ತು. ತಿಂಗಳ ಕೊನೆಯೊಳಗೆ ಥೀಸಿಸ್ ಸಲ್ಲಿಸಬೇಕು, ಅಷ್ಟೇ.

ಅವಳ ವಿಷಯ ಹೇಳುತ್ತೇನೆ, ಪುಟ ತಿರುವಬೇಡಿ. ತೂತಿರುವ ತಗಡೊಂದನ್ನು ಎಳೆದರೆ ಎಲ್ಲಿ ಎಷ್ಟು ಒತ್ತಡ ಬೀಳುತ್ತದೆ? ಇಡೀ ತಗಡಿನ ಲೆಕ್ಕ ಒಂದೇ ಸಲಕ್ಕೆ ಬಗೆಹರಿಯುವುದಿಲ್ಲ. ಅದಕ್ಕೇ ಕಾಗದದ ಮೇಲೆ ತಗಡನ್ನು ಸಣ್ಣ ತುಂಡುಗಳಾಗಿ ಭಾಗ ಮಾಡಿ, ಒಂದೊಂದಕ್ಕೂ ಅಂದಾಜು ಕಟ್ಟಿ, ಎಲ್ಲ ಜೋಡಿಸುತ್ತೇವೆ. ಫೈನೈಟ್ ಎಲಿಮೆಂಟ್ ವಿಧಾನ ಅಂದರೆ ಇಷ್ಟೇ. ಇದನ್ನೇ ತಿದ್ದಿ ರೆಹಾನಾ ಹೊಸದೊಂದು ವಿಧಾನ ಮಾಡಿದ್ದಳು. ಅವಳ ಉತ್ತರಗಳು ಪುಸ್ತಕದ ಸರಿಯುತ್ತರಕ್ಕೆ ಅಂಟಿಕೊಂಡಂತಿದ್ದವು.

ಎಲ್ಲೆಲ್ಲಿಯ ಉತ್ತರ ಪ್ರಿಂಟ್ ಮಾಡಿಸಿದ್ದೀಯ ಅಂತ ಕೇಳಿದೆ. ಪ್ರತಿ ತುಂಡಿನ ನಡುಮಧ್ಯೆ ಮಾತ್ರ ಅಂದಳು. ಕಾರಣ, ಕಾಗದ. (ನಮ್ಮ ಸೆಂಟರಿನವರು ಪ್ರಿಂಟರ್ ಕಾಗದವನ್ನು ರೇಷನ್ ಸಕ್ಕರೆಯ ಹಾಗೆ ಕೊಡುತ್ತಾರೆ. ಎಲ್ಲರೂ ಮಧ್ಯದ್ದೊಂದೇ ಪ್ರಿಂಟ್ ಮಾಡಿಸಿ ಕಾಗದ ಉಳಿಸುವುದು ಇಲ್ಲಿಯ ರೂಢಿ.)

ಯಡವಟ್ಟಾಗಿದ್ದು ಅಲ್ಲೇ. ತುಂಡಿನೊಳಗೆ ಕೆಲವು ಪುಣ್ಯದ ಜಾಗಗಳಿರುತ್ತವೆ, ನಡುಮಧ್ಯ ಅವುಗಳಲ್ಲೊಂದು. ಅಲ್ಲಿ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ, ಉತ್ತರ ತನ್ನ ಯೋಗ್ಯತೆಗೆ ಮೀರಿ ಸರಿಯಾಗಿರುತ್ತದೆ. ಸೂಪರ್‌ಕನ್ವರ್ಜೆನ್ಸ್ ಅನ್ನುತ್ತಾರೆ. ಹಳೆಯ ವಿಧಾನಕ್ಕೂ ಆ ಪುಣ್ಯ ಉಂಟು. ಹಾಗಾದರೆ ಇವಳ ವಿಧಾನದ್ದೇನು ಹೆಚ್ಚುಗಾರಿಕೆ?

ತುಂಡುಗಳ ಅಂಚಿನ, ತೂತಿನ ಅಂಚಿನ ಉತ್ತರಗಳನ್ನೂ ಪ್ರಿಂಟ್ ಮಾಡಿಸು ಅಂದೆ. ಮಾರನೇ ದಿನ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ಅಂಚಿನಲ್ಲಿ ಹಳೆಯದೂ ಹೊಸದೂ ಒಂದೇ ಸಮ ತಪ್ಪು.

ನಮ್ಮ ವಿಭಾಗದ ಮುಖ್ಯಸ್ಥರು ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಮಧ್ಯದ ಉತ್ತರ ಸುಳ್ಳಲ್ವಲ್ಲಮ್ಮಾ. ಅಷ್ಟನ್ನೇ ಬರೀಲಿ. ಅಂಚಿನ ವಿಷಯ ಯಾರ್ ಕೇಳ್ತಾರೆ?" ಅಂದರು.

ಯಾರೂ ಕೇಳುವುದಿಲ್ಲ, ನಿಜ. ಮಂತ್ರಿಗಳ ಕಾರು ಹೆಬ್ಬಾಳದ ಮೇಲೆ ಹಾದುಹೋಗುವ ದಿನ ಆ ರಸ್ತೆಗಷ್ಟೇ ಟಾರು ಬೀಳುತ್ತದೆ, ಪಕ್ಕದ ಓಣಿ ಯಾರಿಗೆ ಬೇಕು? ಸ್ಕೂಲಿಗೆ ಇನ್ಸ್‌ಪೆಕ್ಟರ್ ಬಂದರೆ ಜಾಣರೆಲ್ಲ ಮುಂದಿನ ಬೆಂಚಿಗೆ. ನೆಂಟರು ಬಂದರೆ ನಾವೂ ಹಾಲ್ ಮಾತ್ರ ಗುಡಿಸುತ್ತೇವೆ. ಮುಖ್ಯಸ್ಥರೊಡನೆ ವಾದ ಮಾಡುವಷ್ಟು ಶಕ್ತಿ ನನ್ನಲ್ಲಿ ಇರಲಿಲ್ಲ. ನಿನಗೆ ಬಿಟ್ಟಿದ್ದು ಅಂತ ರೆಹಾನಾಗೆ ಹೇಳಿದೆ.

ಅವಳು ಅಂಚಿನ ಉತ್ತರಗಳ ಕಾಗದವನ್ನು ನನ್ನ ಮುಂದಿಟ್ಟಳು. ಆಮೇಲೆ, "ಮೇಡಂ, ತಗಡು ಸೀಳೋದು ತೂತಿನ ಅಂಚಲ್ಲಿ. ಅದನ್ನೇ ಬಿಟ್ಟು ಹ್ಯಾಗ್ ಕೊಡ್ಲಿ?" ಅಂದಳು.

ಎರಡು ಅಧ್ಯಾಯ ಮತ್ತೆ ಬರೆಯಬೇಕು. ತಿಂಗಳು ಮುಗಿಯಿತು, ಕೆಲಸ ತಪ್ಪಿತು. ಮನೆಯಲ್ಲಿ ಅವಳ ಅಬ್ಬಾ ಮಾರನೇ ದಿನವೂ ಬಸ್ಸಿನ ದುಡ್ಡು ಎಣಿಸಿ ಕೊಟ್ಟರಂತೆ, ಅವಳಿಗೆ ಅದೇ ಹೆಚ್ಚು ಕಷ್ಟವಾಯಿತಂತೆ. ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು. ಆದರೆ ಹೆಮ್ಮೆಯಿಂದ ಅವಳಿಗೆ ಸಂಬಳ ಬರುತ್ತದೆಯೇ?

ಆ ಕೆಲಸ ಸಿಕ್ಕವರ ಥೀಸಿಸ್ ಮೊನ್ನೆ ನಮ್ಮ ಲೈಬ್ರರಿಗೆ ಬಂತು, ಅದೂ ಇಂಥದ್ದೇ ತಗಡಿನ ಲೆಕ್ಕ. ಕುತೂಹಲಕ್ಕೆ ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದೆ.

ಅಂಚಿನ ಉತ್ತರ ಒಂದೂ ಇಲ್ಲ.