ಹೊಳೆ ಅಳೆದ ಕಾಲು

ದಿವ್ಯಾ, ಗೌತಮ್, ನಮ್ಮ ಪಕ್ಕದ ಮನೆಯ ಹೆತ್ತೆಯ ಎಡಗಾಲಿನಲ್ಲಿ, ಪಾದದ ಗಂಟಿನಿಂದ ಒಂದು ಗೇಣು ಮೇಲೆ, ಬಿಳಿಯ ಗಾಯದ ಗುರುತಿತ್ತು. ಟೀ ಗಿಡದ ಕೊಂಬೆ ಸವರಿ ಕವಾತು ಮಾಡುವಾಗ ಕತ್ತಿ ಜಾರಿ ಆದದ್ದು. ನಿಮಗೆ ಹೆತ್ತೆ, ಅಂದರೆ ಅಜ್ಜಿಯಾದ ಅವಳು ನನಗೆ ಅಕ್ಕ.

ಎಲೆ ಕೊಯ್ಯಲು ಹೊಳೆ ದಾಟಬೇಕಾದಾಗ ಅಕ್ಕನೇ ಮೊದಲು ಇಳಿಯುತ್ತಿದ್ದಳು. ನೀರು ಎಲ್ಲಿಗೆ ಬಂತೆಂದು ಅಲ್ಲಿಂದಲೇ ಕೂಗುತ್ತಿದ್ದಳು: "ಪಾದ!" ಇಲ್ಲವೇ "ಗಂಟು!" ಆದರೆ "ಗಾಯ!" ಎಂದಳೋ, ಆ ದಿನ ಎಲ್ಲರೂ ಬುಟ್ಟಿ ಹೊತ್ತು ಮನೆಗೆ ವಾಪಸ್.

ಒಂದು ಮಳೆಗಾಲ ವಿದ್ಯುತ್ ಯೋಜನೆಯವರು ಬಂದು, ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ನೀರಿನ ಮಟ್ಟ ಬರೆದರು. ದೊಡ್ಡ ಅಣೆಕಟ್ಟು ಇಲ್ಲವಂತೆ. ನಮ್ಮ ಹಟ್ಟಿಯ ಮೇಲುಗಡೆ ಹೊಳೆಯನ್ನು ಪೈಪಿಗೆ ತಿರುಗಿಸಿ, ಕಣಿವೆಯ ತಳದಲ್ಲಿ ಕರೆಂಟು ತೆಗೆದು, ನೀರನ್ನು ಮತ್ತೆ ಹೊಳೆಗೇ ಬಿಡುವುದಂತೆ. ನಾವು ಕುಡಿಯುವುದು ಆ ನಡುವಿನ ನೀರನ್ನೇ.

ಅವರು ಕರೆದ ಸಭೆಯಲ್ಲಿ ನಾನು ಸೆರಗು ಬಾಯಿಗೆ ಒತ್ತಿ ಕುಳಿತಿದ್ದೆ. "ನೀರು ಎಲ್ಲೂ ಹೋಗಲ್ಲ ಅಮ್ಮಾ, ಕೆಳಗೆ ಮತ್ತೆ ಸೇರುತ್ತೆ" ಎಂದರು ಇಂಜಿನಿಯರ್.

ಅಕ್ಕ ಎದ್ದಳು. "ಕೆಳಗೆ ಸೇರಲಿ ಸಾರ್. ನಡುವೆ ಇರೋ ನಾವು ಏನು ಕುಡೀಬೇಕು, ಕರೆಂಟಾ?"

"ಹೊಳೆ ತುಂಬ ನೀರಿದೆಯಲ್ಲಮ್ಮಾ. ಅರ್ಧ ಬಿಡ್ತೀವಿ."

"ನಿಮ್ಮ ಬಣ್ಣ ಮಳೆಗಾಲದ್ದು. ಎನ್ನ ಕಾಲು ವರ್ಷ ಪೂರ್ತಿದು. ಬೇಸಿಗೇಲಿ ಬನ್ನಿ, ಶೂ ಬಿಚ್ಚಿ ನಿಲ್ಲಿ."

ಆ ಮನುಷ್ಯ ಅಕ್ಕನ ಮಾತು ಮರೆಯಲಿಲ್ಲ. ಬೇಸಿಗೆಯಲ್ಲಿ ಬಂದು ಪ್ಯಾಂಟು ಮಡಚಿ ಹೊಳೆಯಲ್ಲಿ ನಿಂತರು. ಬೆರಳುಗಳೂ ಪೂರ್ತಿ ಮುಳುಗಲಿಲ್ಲ.

"ಎಷ್ಟು ಸಾರ್?" ಅಕ್ಕ ದಡದಿಂದ ಕೇಳಿದಳು.

"ಪಾದ" ಎಂದರು ಮೆಲ್ಲಗೆ.

"ಗಟ್ಟಿಯಾಗಿ ಹೇಳಿ! ಹಟ್ಟಿಗೆಲ್ಲ ಕೇಳಬೇಕು."

ಅವರು ನಕ್ಕು ಕೂಗಿಯೇ ಬಿಟ್ಟರು. ಮುಂದಿನ ನಕ್ಷೆಯಲ್ಲಿ ನೀರು ತಿರುಗಿಸುವ ಜಾಗ ನಮ್ಮ ಹಟ್ಟಿಯ ಕೆಳಕ್ಕೆ, ಎರಡು ಹೊಳೆ ಕೂಡುವಲ್ಲಿಗೆ ಇಳಿದಿತ್ತು. ಅಕ್ಕನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಆದರೂ ಆ ನಕ್ಷೆ ಬದಲಾಯಿಸಿದವಳು ಅವಳೇ. ಅವಳ ಹಿಂದೆ ಬುಟ್ಟಿ ಹೊತ್ತು ನಡೆದೆನೆಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಮರುವಾರ ಎಲೆಗೆ ಹೊರಟಾಗ ಎಲ್ಲರೂ ದಡದಲ್ಲಿ ನಿಂತುಬಿಟ್ಟರು. ಯಾರೂ ಇಳಿಯಲಿಲ್ಲ. ನಾಲ್ಕು ಜನರೆದುರು ಬಾಯಿ ಬಿಡದ ನಾನು ಇಳಿದೆ. "ಗಂಟು!" ಎಂದು ಕೂಗಿದೆ. ಈಗ ದಿನವೂ ನಾನೇ ಕೂಗುತ್ತೇನೆ.

ಯೋಜನೆ ಇನ್ನೂ ಕಾಗದದಲ್ಲೇ ಇದೆ ಮಕ್ಕಳೇ. ಕಾಗದ ಮತ್ತೆ ಬದಲಾಗಬಹುದು. ಮಳೆಗಾಲದಲ್ಲಿ ಯಾರಾದರೂ ಬಣ್ಣದ ಡಬ್ಬಿ ಹಿಡಿದು ಬಂದರೆ ಇದನ್ನು ಓದಿ ಹೇಳಿ. ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿಡಿ.